ತಿಗಣೆಗೂ ಕೂಸಿಗೂ ಒಂದೇ ವಿಷ

ದುಬೈನ ದೇರಾ, ಸತ್ವಾಗಳ ಹಳೆಯ ಕಟ್ಟಡಗಳಲ್ಲಿ ಒಂದು ಮಲಗುವ ಕೋಣೆಯನ್ನು ಪ್ಲೈವುಡ್ ಹಲಗೆಗಳಿಂದ ಮೂರೋ ನಾಲ್ಕೋ ಭಾಗವಾಗಿ ಸೀಳಿ, ಒಂದೊಂದು ಸೀಳಿನಲ್ಲೂ ಎರಡಂತಸ್ತಿನ ಕಬ್ಬಿಣದ ಮಂಚ ನಿಲ್ಲಿಸಿ, ಮಂಚದ ಲೆಕ್ಕದಲ್ಲಿ ತಿಂಗಳ ಬಾಡಿಗೆ ವಸೂಲು ಮಾಡುವ ವ್ಯವಸ್ಥೆಗೆ ಬೆಡ್‌ಸ್ಪೇಸ್ ಎಂದು ಹೆಸರು. ಈ ವ್ಯವಸ್ಥೆಯಲ್ಲಿ ಬಾಡಿಗೆ ಕೊಡದೆ ವಾಸಿಸುವ ಏಕೈಕ ಜೀವಿ ತಿಗಣೆ. ಮಂಚದ ಸಂದಿನಿಂದ ಹಾಸಿಗೆಗೆ, ಹಾಸಿಗೆಯಿಂದ ಸೂಟ್‌ಕೇಸಿಗೆ, ಸೂಟ್‌ಕೇಸಿನಿಂದ ಊರಿಗೆ ಅದು ಸಂಚರಿಸುತ್ತದೆ. ಹನ್ನೆರಡು ತಾಸು ದುಡಿದು ಬಂದವನು ರಾತ್ರಿಯಿಡೀ ಮೈ ಕೆರೆದುಕೊಳ್ಳುತ್ತ ಕೂತರೆ ಮರುದಿನದ ದುಡಿಮೆ ಹಾಳಾಗುತ್ತದೆ. ಆಗ ಯಾರೋ ಒಬ್ಬರು ಗುಳಿಗೆಯ ಮಾತು ತೆಗೆಯುತ್ತಾರೆ.

ಗುಳಿಗೆ ಎಂದರೆ ಅಲ್ಯುಮಿನಿಯಂ ಫಾಸ್ಫೈಡ್. ಭಾರತದಲ್ಲಿ ಸೆಲ್ಫೋಸ್ ಮುಂತಾದ ಹೆಸರುಗಳಲ್ಲಿ, ಉಗ್ರಾಣದ ಧಾನ್ಯಕ್ಕೆ ಹುಳ ಬೀಳದಂತೆ ಇಡುವ ಅದೇ ಬೂದುಬಣ್ಣದ ಬಿಲ್ಲೆ. ಗಾಳಿಯ ತೇವ ತಾಗಿದ ಕೂಡಲೇ ಅದು ಫಾಸ್ಫೀನ್ ಎಂಬ ಅನಿಲವನ್ನು ಬಿಡುತ್ತದೆ. 3 ಗ್ರಾಂ ತೂಕದ ಒಂದು ಬಿಲ್ಲೆಯಿಂದ 1 ಗ್ರಾಂ ಫಾಸ್ಫೀನ್. ಕೊಲ್ಲಿಯ ಬೇಸಿಗೆಯ ಸೆಕೆ ಈ ಕ್ರಿಯೆಗೆ ಹೇಳಿ ಮಾಡಿಸಿದಂತಿದೆ. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ಇದನ್ನು ವಸತಿಗಳಲ್ಲಿ ಬಳಸುವುದು ನಿಷಿದ್ಧ. ಪರವಾನಗಿ ಪಡೆದ ಸಂಸ್ಥೆಗಳು ಧಾನ್ಯಕ್ಕೂ ಕೃಷಿಗೂ ಮಾತ್ರ ಬಳಸಬಹುದು. ಆದರೆ ನಿಷಿದ್ಧವಾದದ್ದು ಕೈಯಿಂದ ಕೈಗೆ ದಾಟುವುದಕ್ಕೆ ಯಾವ ನಗರದಲ್ಲೂ ತಡೆಯಿಲ್ಲ. ಕೋಣೆಯವರು ಬಿಲ್ಲೆಗಳನ್ನು ಮಂಚದ ಕೆಳಗೆ ಇಟ್ಟು, ಬಾಗಿಲಿನ ಸಂದಿಗೆ ಅಂಟುಪಟ್ಟಿ ಹಚ್ಚಿ, ಎರಡು ದಿನ ಗೆಳೆಯರ ಕೋಣೆಗೆ ಹೋಗುತ್ತಾರೆ. ಅನಿಲ ಹೋಗುವುದು ಪಕ್ಕದ ಮನೆಗೆ. ಗೋಡೆಯ ಬಿರುಕು, ವಿದ್ಯುತ್ ಕೊಳವೆ, ಹವಾನಿಯಂತ್ರಣದ ನಾಳ, ಎಲ್ಲವೂ ಅದಕ್ಕೆ ದಾರಿಯೇ. ಅಲ್ಲಿ ಮಲಗಿದ ಮಗುವಿಗೆ ವಾಂತಿ ಶುರುವಾಗುತ್ತದೆ, ತಂದೆತಾಯಿ ಹೊರಗಿನ ಊಟವನ್ನು ದೂರುತ್ತಾರೆ, ಆಸ್ಪತ್ರೆ ತಲುಪುವ ಹೊತ್ತಿಗೆ ತಡವಾಗಿರುತ್ತದೆ. ಫಾಸ್ಫೀನಿಗೆ ಪ್ರತಿವಿಷವಿಲ್ಲ. ಶಾರ್ಜಾ, ದುಬೈ, ಅಬುಧಾಬಿಗಳ ಪತ್ರಿಕೆಗಳಲ್ಲಿ ಈ ಸುದ್ದಿ ವರ್ಷಗಳಿಂದ ಮತ್ತೆ ಮತ್ತೆ ಬಂದಿದೆ. ಕುಟುಂಬದ ದೇಶ ಮತ್ತು ಮಗುವಿನ ವಯಸ್ಸು ಮಾತ್ರ ಬೇರೆ. ಸುದ್ದಿಯ ಕೊನೆಗೆ ಒಂದು ಎಚ್ಚರಿಕೆಯ ವಾಕ್ಯವಿರುತ್ತದೆ: ಅನಧಿಕೃತ ಕೀಟನಾಶಕಗಳನ್ನು ಬಳಸಬಾರದು.

ಈ ವಾಕ್ಯ ಸುಳ್ಳಲ್ಲ, ಆದರೆ ಅದು ಜಾಣತನದ ವಾಕ್ಯ. ಅಪರಾಧವನ್ನು ಬಳಸಿದವನ ಕೈಗೆ ಕಟ್ಟಿ, ಬಳಸಲಾದ ವಸ್ತುವಿನ ಕುರಿತ ಪ್ರಶ್ನೆಯನ್ನು ಅಲ್ಲಿಗೇ ಮುಗಿಸಿಬಿಡುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ. ತಿಗಣೆ ಮತ್ತು ಮಗುವಿನ ನಡುವೆ ವ್ಯತ್ಯಾಸ ಗೊತ್ತಿಲ್ಲದ ವಿಷವೊಂದನ್ನು ಮನುಷ್ಯ ವಿಜ್ಞಾನದ ಹೆಸರಿನಲ್ಲಿ ಮುಕ್ಕಾಲು ಶತಮಾನದಿಂದ ಯಾಕೆ ಒಪ್ಪಿಕೊಂಡು ಬಂದಿದ್ದಾನೆ? ವ್ಯತ್ಯಾಸ ಬಲ್ಲ ವಿಷವನ್ನು ತಯಾರಿಸಬಹುದೆಂದು ತಿಳಿದ ಮೇಲೂ ಅದು ಬಡವನ ಮಂಚದವರೆಗೆ ಯಾಕೆ ತಲುಪಿಲ್ಲ?

ಫಾಸ್ಫೀನ್ ಕೊಲ್ಲುವ ಬಗೆಯನ್ನು ನೋಡಿದರೆ ಮೊದಲ ಪ್ರಶ್ನೆಯ ತೀವ್ರತೆ ಅರ್ಥವಾಗುತ್ತದೆ. ಜೀವಕೋಶದೊಳಗೆ ಆಮ್ಲಜನಕವನ್ನು ಶಕ್ತಿಯಾಗಿ ಪರಿವರ್ತಿಸುವ ಸರಪಳಿಯ ಕೊನೆಯಲ್ಲಿ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವವಿದೆ. ಫಾಸ್ಫೀನ್ ಮುಖ್ಯವಾಗಿ ಎರಗುವುದು ಇದರ ಮೇಲೆ. ಈ ಕಿಣ್ವ ತಿಗಣೆಯಲ್ಲಿದೆ, ಜಿರಳೆಯಲ್ಲಿದೆ, ಇಲಿಯಲ್ಲಿದೆ, ಪಕ್ಕದ ಮನೆಯ ತೊಟ್ಟಿಲಲ್ಲಿರುವ ಕೂಸಿನ ಎದೆಯಲ್ಲೂ ಇದೆ. ಉಸಿರಾಡುವ ಪ್ರಾಣಿಗಳೆಲ್ಲ ಹಂಚಿಕೊಂಡ ಪ್ರಾಚೀನ ಆಸ್ತಿ ಅದು. ಅದನ್ನೇ ಗುರಿಯಾಗಿಸಿಕೊಂಡ ವಸ್ತುವಿಗೆ ಕೀಟನಾಶಕ ಎಂಬ ಹೆಸರೇ ಒಂದು ಸೌಜನ್ಯ. ಇಲಿಯ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿ ಇಟ್ಟವನ ಕಥೆಯಲ್ಲಿ ಕನಿಷ್ಠ ಅವನು ಇಟ್ಟದ್ದು ತನ್ನ ಮನೆಗೆ.

ಕೀಟನಾಶಕಗಳ ಇತಿಹಾಸವೇ ಹೀಗೆ ಹಂಚಿಕೊಂಡ ಕಿಣ್ವಗಳ ಮೇಲೆ ನಡೆದ ದಾಳಿಯ ಇತಿಹಾಸ. ನರಕೋಶಗಳ ನಡುವೆ, ಮನುಷ್ಯನಲ್ಲಾದರೆ ನರದಿಂದ ಸ್ನಾಯುವಿಗೂ, ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ವಸ್ತುವಿದೆ. ಸಂದೇಶ ಮುಟ್ಟಿದ ಮರುಕ್ಷಣವೇ ಅದನ್ನು ತುಂಡರಿಸುವುದು ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವದ ಕೆಲಸ. ಈ ಕಿಣ್ವ ನಿಂತರೆ ಸಂದೇಶ ನಿಲ್ಲುವುದಿಲ್ಲ. ಸ್ನಾಯು ಸೆಟೆಯುತ್ತದೆ, ಬಾಯಲ್ಲಿ ನೊರೆ ಬರುತ್ತದೆ, ಉಸಿರು ಕಟ್ಟುತ್ತದೆ. ಜರ್ಮನಿಯ ಐ.ಜಿ. ಫಾರ್ಬೆನ್ ಸಂಸ್ಥೆಯಲ್ಲಿ ಗೆರ್ಹಾರ್ಡ್ ಶ್ರಾಡರ್ 1936ರಲ್ಲಿ ಕೀಟನಾಶಕ ಹುಡುಕುತ್ತ ಹೋಗಿ ಕೈಗೆ ಸಿಕ್ಕಿಸಿಕೊಂಡದ್ದು ಟಾಬುನ್ ಎಂಬ ಯುದ್ಧಾನಿಲ. ಅದೇ ಮನೆತನದಲ್ಲಿ, ಅವನದೇ ಕೈಯಲ್ಲಿ, ಯುದ್ಧ ಮುಗಿಯುವ ಮೊದಲೇ ಹುಟ್ಟಿದ್ದು ಪ್ಯಾರಾಥಿಯಾನ್. ಒಂದು ಸೈನಿಕನಿಗೆ, ಇನ್ನೊಂದು ಹುಳಕ್ಕೆ ಎಂದು ಹಂಚಿಕೆಯಾಯಿತೇ ಹೊರತು, ಎರಡೂ ಒತ್ತಿದ್ದು ಒಂದೇ ಕಿಣ್ವದ ಒಂದೇ ಸೆರೀನ್ ಅಮೈನೋ ಆಮ್ಲವನ್ನು. ಆ ಸೆರೀನ್ ಮನುಷ್ಯನಲ್ಲೂ ಅಲ್ಲೇ ಇದೆ.

1958ರಲ್ಲಿ ಹಡಗಿನಲ್ಲಿ ಗೋಧಿಹಿಟ್ಟಿನ ಮೂಟೆಗಳ ಜೊತೆ ಬಂದ ಪ್ಯಾರಾಥಿಯಾನ್ ಸೋರಿ ಕೇರಳದಲ್ಲಿ 100ಕ್ಕೂ ಹೆಚ್ಚು ಜನ ಸತ್ತರು. ಭಾರತದ 1968ರ ಕೀಟನಾಶಕ ಕಾಯ್ದೆ ಹುಟ್ಟಿದ್ದು ಆ ಹೆಣಗಳ ನಡುವಿನಿಂದ. ಭೋಪಾಲದಲ್ಲಿ 1984ರ ಡಿಸೆಂಬರಿನಲ್ಲಿ ಸೋರಿದ ಅನಿಲವನ್ನು ಬಳಸಿ ಅಲ್ಲಿ ತಯಾರಾಗುತ್ತಿದ್ದ ಕಾರ್ಬರಿಲ್ ಕೂಡ ಇದೇ ಕಿಣ್ವದ ಶತ್ರು. 2013ರ ಜುಲೈಯಲ್ಲಿ ಬಿಹಾರದ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳನ್ನು ಕೊಂದ ಮೋನೋಕ್ರೋಟೋಫಾಸ್ ಕೂಡ ಅದೇ ಕುಲದ್ದು. ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ 2018ರ ಡಿಸೆಂಬರಿನಲ್ಲಿ ಮಾರಮ್ಮನ ಗುಡಿಯ ಪ್ರಸಾದ ತಿಂದು 15ಕ್ಕೂ ಹೆಚ್ಚು ಭಕ್ತರು ಸತ್ತದ್ದು ಕನ್ನಡಿಗರಾರೂ ಮರೆಯದ ಸಂಗತಿ. ಅಲ್ಲಿ ಬೆರೆಸಿದವರು ಕೊಲೆಗಡುಕರು, ನಿಜ. ಆದರೆ ಕೊಲೆಗಡುಕನಿಗೆ ಇಷ್ಟು ಸುಲಭವಾಗಿ ಸಿಗುವ ಆಯುಧವನ್ನು ರೈತನ ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟದ್ದು ಯಾರು ಎಂಬುದನ್ನು ಯಾವ ಆರೋಪಪಟ್ಟಿಯೂ ಕೇಳಲಿಲ್ಲ.

ಈಗ ಎರಡನೆಯ ಪ್ರಶ್ನೆ. ಅಮೆರಿಕದ ಮೇಯೋ ಕ್ಲಿನಿಕ್‌ನ ಯುವಾನ್-ಪಿಂಗ್ ಪಾಂಗ್ 2006ರಲ್ಲಿ ಮಲೇರಿಯಾ ಹರಡುವ ಸೊಳ್ಳೆಯ ಅಸಿಟೈಲ್‌ಕೋಲಿನ್‌ಎಸ್ಟರೇಸಿನ ಆಕಾರವನ್ನು ಗಣಕದಲ್ಲಿ ಕಟ್ಟಿ ನೋಡುವಾಗ ಒಂದು ಸಣ್ಣ ವ್ಯತ್ಯಾಸ ಕಣ್ಣಿಗೆ ಬಿತ್ತು. ಕಿಣ್ವದ ಕೆಲಸದ ಗುಂಡಿಯ ಬಾಯಲ್ಲಿ ಸೊಳ್ಳೆಗೆ ಒಂದು ಸಿಸ್ಟೀನ್ ಇದೆ. ಸಸ್ತನಿಗಳ ಕಿಣ್ವದಲ್ಲಿ ಆ ಜಾಗದಲ್ಲಿ ಅದಿಲ್ಲ. ಗಿಡಹೇನುಗಳಲ್ಲೂ ಅಂಥದೇ ಸಿಸ್ಟೀನ್ ಇದೆ. ಗಂಧಕವಿರುವ ಈ ಅಮೈನೋ ಆಮ್ಲಕ್ಕೆ ಕೊಕ್ಕೆಯಂತೆ ಸಿಕ್ಕಿಕೊಳ್ಳುವ ಅಣುಗಳನ್ನು ಹೆಣೆದು 2009ರ ಹೊತ್ತಿಗೆ ಪಾಂಗ್ ಮತ್ತು ಸಹೋದ್ಯೋಗಿಗಳು ತೋರಿಸಿದ್ದು ಇಷ್ಟು: ಆ ಅಣುಗಳು ಗಿಡಹೇನಿನ, ಸೊಳ್ಳೆಯ ಕಿಣ್ವವನ್ನು ಮತ್ತೆ ಏಳದಂತೆ ಕೆಡವುತ್ತವೆ, ಅದೇ ಪ್ರಮಾಣದಲ್ಲಿ ಮನುಷ್ಯನ ಕಿಣ್ವವನ್ನು ಮುಟ್ಟುವುದಿಲ್ಲ. ನೂರಾರು ಅಮೈನೋ ಆಮ್ಲಗಳ ಸರಪಳಿಯಲ್ಲಿ ಒಂದೇ ಒಂದು ಮಣಿಯ ವ್ಯತ್ಯಾಸ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಮಾತಿಗೆ ಇಷ್ಟು ಸೂಕ್ಷ್ಮವಾದ ಅರ್ಥವೊಂದು ದೊರೆಯಬಹುದೆಂದು ಆ ಗಾದೆ ಕಟ್ಟಿದವರು ಊಹಿಸಿರಲಾರರು.

ಪಾಂಗ್ ಮೊದಲಿಗರೂ ಅಲ್ಲ. ಕೀಟದ ಹೊರಕವಚಕ್ಕೆ ಬೇಕಾದ ಚಿಟಿನ್ ಎಂಬ ವಸ್ತು ಮನುಷ್ಯನ ಮೈಯಲ್ಲಿಲ್ಲ. 1970ರ ದಶಕದಲ್ಲಿಯೇ ಬಂದ ಡೈಫ್ಲೂಬೆಂಜುರಾನ್ ಆ ಚಿಟಿನ್ ಹೆಣೆಯುವುದನ್ನು ತಡೆಯುತ್ತದೆ; ಮರಿಹುಳು ಪೊರೆ ಕಳಚಲಾರದೆ ಸಾಯುತ್ತದೆ. ಅದು ಚಿಟಿನ್ ಸಿಂಥೇಸ್ ಎಂಬ ಕಿಣ್ವದ ಮೇಲೆಯೇ ಎರಗುತ್ತದೆಂಬುದು 2016ರಲ್ಲಿ ಖಚಿತವಾಯಿತು. ಅದಕ್ಕೂ ಮುಂದೆ ಹೋಗಿ, ಒಂದು ಜಾತಿಯ ಕೀಟದ ಒಂದು ಕಿಣ್ವದ ಜೀನನ್ನು ಮಾತ್ರ ಮೌನಗೊಳಿಸುವ ಆರ್‌ಎನ್‌ಎ ಸಿಂಪಡಣೆಯೊಂದಕ್ಕೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2023ರ ಡಿಸೆಂಬರಿನಲ್ಲಿ ಅನುಮತಿ ಕೊಟ್ಟಿತು. ಲೆಡ್‌ಪ್ರೋನಾ ಎಂದು ಅದರ ಹೆಸರು; ಗುರಿ ಕೊಲರಾಡೋ ಆಲೂಗಡ್ಡೆ ದುಂಬಿಯ ಪ್ರೋಟಿಯಾಸೋಮ್. ಎಂದರೆ ವಿವೇಚನೆಯುಳ್ಳ ವಿಷ ಕನಸಿನ ಮಾತಲ್ಲ. ಅದು ಆಲೂಗಡ್ಡೆಗೆ ಬಂದಿದೆ.

ಆಲೂಗಡ್ಡೆಗೇ ಯಾಕೆ ಮೊದಲು ಬಂತು ಎಂಬಲ್ಲಿ ರಾಜಕಾರಣವಿದೆ. ಹೊಸ ಕೀಟನಾಶಕವೊಂದನ್ನು ಶೋಧಿಸಿ ಮಾರುಕಟ್ಟೆಗೆ ತರಲು ಸುಮಾರು 28 ಕೋಟಿ ಡಾಲರ್ ಮತ್ತು 11 ವರ್ಷ ಬೇಕೆಂಬುದು ಆ ಉದ್ಯಮದ್ದೇ 2016ರ ಲೆಕ್ಕ. ಆ ಹಣ ಹಿಂದಿರುಗುವುದು ಸಾವಿರಾರು ಎಕರೆಯ ಬೆಳೆಗಾರನಿಂದ. ಸೊಳ್ಳೆಯಿಂದ ಸಾಯುವ ಆಫ್ರಿಕದ ಮಗುವಿನಿಂದಲ್ಲ, ತಿಗಣೆ ಕಚ್ಚಿಸಿಕೊಳ್ಳುವ ಬೆಡ್‌ಸ್ಪೇಸ್‌ ಕಾರ್ಮಿಕನಿಂದಂತೂ ಅಲ್ಲ. ಪಾಂಗ್ ಗುರುತಿಸಿದ ಸಿಸ್ಟೀನನ್ನು ಹಿಡಿಯುವ ಅಣು ಇಂದಿಗೂ ಅಂಗಡಿಯ ಕಪಾಟಿಗೆ ಬಂದಿಲ್ಲ. ಪ್ರಯೋಗಶಾಲೆಯ ಗಾಜಿನಿಂದ ಬಾಟಲಿಯವರೆಗಿನ ದಾರಿ ದೂರ. ಅಣು ಬಿಸಿಲಿನಲ್ಲಿ ಬಾಳಬೇಕು, ಹುಳದ ಕವಚ ದಾಟಬೇಕು, ಇತರ ಪ್ರೋಟೀನುಗಳಿಗೆ ಅಂಟಿಕೊಳ್ಳದೆ ಗುರಿ ಮುಟ್ಟಬೇಕು. ಈ ತೊಡಕುಗಳು ನಿಜವಾದವು. ಆದರೆ ಇಂಥ ತೊಡಕುಗಳನ್ನು ಬಿಡಿಸಲು ಹಣ ಹೂಡುವವರಾರು? ಹಳೆಯ ವಿಷ ಅಗ್ಗವಾಗಿ, ಕಾನೂನುಬದ್ಧವಾಗಿ ಮಾರಾಟವಾಗುತ್ತಿರುವವರೆಗೆ ಹೊಸದಕ್ಕೆ ಹಣ ಹೂಡುವುದು ವ್ಯಾಪಾರಿಯ ದೃಷ್ಟಿಯಲ್ಲಿ ಮೂರ್ಖತನ. ಆದ್ದರಿಂದ ಹಳೆಯದನ್ನು ತೆಗೆಯುವ ರಾಜಕೀಯ ಇಚ್ಛೆಯೇ ಹೊಸದನ್ನು ಶೋಧಿಸುವ ಮೊದಲ ಹೆಜ್ಜೆ. ಶೋಧ ಆದ ಮೇಲೆ ನಿಷೇಧ ಎಂಬ ವಾದ ತಲೆಕೆಳಗಾದದ್ದು.

ಭಾರತ ಸರ್ಕಾರ 2020ರ ಮೇ ತಿಂಗಳಲ್ಲಿ 27 ಕೀಟನಾಶಕಗಳನ್ನು ನಿಷೇಧಿಸುವ ಕರಡು ಆದೇಶ ಹೊರಡಿಸಿತು. ಉದ್ಯಮ ಎದ್ದು ನಿಂತಿತು, ಸಮಿತಿಗಳು ಕೂತವು, 2023ರಲ್ಲಿ ಆದೇಶ ಅಂತಿಮವಾಗುವ ಹೊತ್ತಿಗೆ ಬೆರಳೆಣಿಕೆಯ ವಿಷಗಳಷ್ಟೇ ಪಟ್ಟಿಯಲ್ಲಿ ಉಳಿದಿದ್ದವು. 1968ರ ಕಾಯ್ದೆಯ ಜಾಗದಲ್ಲಿ ಬರಬೇಕಿದ್ದ ಮಸೂದೆ 2020ರ ಮಾರ್ಚಿನಲ್ಲಿ ರಾಜ್ಯಸಭೆಯ ಮೇಜಿನ ಮೇಲೆ ಬಂತು, ಕಾಯ್ದೆಯಾಗಲಿಲ್ಲ.

ಈ ವಿಷಯ ಕನ್ನಡಿಗರಿಗೆ, ಅದರಲ್ಲೂ ಕೊಲ್ಲಿಯ ಕನ್ನಡಿಗರಿಗೆ, ಪರಕೀಯವಲ್ಲ. ದುಬೈ-ಅಬುಧಾಬಿಗಳಲ್ಲಿ ಕನ್ನಡ, ತುಳು, ಬ್ಯಾರಿ, ಕೊಂಕಣಿ ಮಾತಾಡುವವರಲ್ಲಿ ಬಹುಪಾಲು ಬಂದದ್ದು ಕಾಸರಗೋಡು ಮತ್ತು ದಕ್ಷಿಣ ಕನ್ನಡ, ಉಡುಪಿಗಳ ಕಡೆಯಿಂದ. ಅದೇ ನೆಲದ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರುಗಳು ಎಂಡೋಸಲ್ಫಾನ್ ಸುರಿದವು. ಕಾಸರಗೋಡಿನಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ನಿನ 4,000 ಹೆಕ್ಟೇರಿಗೂ ಮೀರಿದ ಗೇರುತೋಟ. ಗಡಿಯ ಈಚೆ ಬೆಳ್ತಂಗಡಿ ಕಡೆಯ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಸುತ್ತ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಟ. ಎರಡೂ ಸರ್ಕಾರದವು. ವಿಷ ತಯಾರಿಸುವವರಲ್ಲೂ ಒಬ್ಬರು ಸರ್ಕಾರದವರೇ: ಹಿಂದೂಸ್ತಾನ್ ಇನ್‌ಸೆಕ್ಟಿಸೈಡ್ಸ್. ಬೇಲಿಯೇ ಎದ್ದು ಹೊಲ ಮೇಯುವುದನ್ನು ಇಷ್ಟು ಅಚ್ಚುಕಟ್ಟಾಗಿ ಬೇರೆಲ್ಲೂ ನೋಡಲು ಸಿಗಲಿಕ್ಕಿಲ್ಲ.

ಗುರಿಯಾಗಿದ್ದ ಕೀಟ ಟೀ ಸೊಳ್ಳೆ. ಹೆಸರು ಸೊಳ್ಳೆಯಾದರೂ ಅದು ಸೊಳ್ಳೆಯಲ್ಲ, ತಿಗಣೆಯ ಗಣಕ್ಕೆ ಸೇರಿದ ರಸಹೀರುವ ಕೀಟ. ದೇರಾದ ಮಂಚದ ಸಂದಿನಲ್ಲಿರುವುದರ ದೂರದ ದಾಯಾದಿ. ಗೇರಿನ ಎಳೆಯ ಚಿಗುರು, ಹೂಗೊಂಚಲುಗಳ ರಸ ಹೀರಿ ಅವುಗಳನ್ನು ಒಣಗಿಸುತ್ತದೆ. ಎಂಡೋಸಲ್ಫಾನಿನ ಗುರಿ ಕಿಣ್ವವಲ್ಲ, ನರಕೋಶದ ಪೊರೆಯಲ್ಲಿರುವ ಕ್ಲೋರೈಡಿನ ಬಾಗಿಲು. ಉದ್ರೇಕವನ್ನು ಶಮನಗೊಳಿಸುವ ಗಾಬಾ ಸಂದೇಶಕ್ಕೆ ತೆರೆಯುವ ಬಾಗಿಲದು. ಅದನ್ನು ಮುಚ್ಚಿದರೆ ನರ ಶಾಂತವಾಗುವುದನ್ನು ಮರೆಯುತ್ತದೆ. ಈ ಬಾಗಿಲೂ ಹಂಚಿಕೊಂಡದ್ದೇ. ಕೀಟಕ್ಕೊಂದು, ಮನುಷ್ಯನಿಗೊಂದು ಎಂದು ಬೇರೆ ಬಾಗಿಲಿಟ್ಟುಕೊಂಡಿಲ್ಲದ ಪ್ರಕೃತಿಯ ಮೇಲೆ ತಪ್ಪು ಹೊರಿಸಿ ಕೈ ತೊಳೆಯುವಂತಿಲ್ಲ. ಬಾಗಿಲು ಒಂದೇ ಎಂದು ಗೊತ್ತಿದ್ದೇ ಆಕಾಶದಿಂದ ಸುರಿದದ್ದು.

ಎಣ್ಮಕಜೆ ಪಂಚಾಯತಿಯ ಗುಡ್ಡಗಳಲ್ಲಿ ಸುರಿದದ್ದು ತೋಡಿಗೆ ಇಳಿಯಿತು, ತೋಡಿನಿಂದ ಬಾವಿಗೆ, ಸುರಂಗದ ನೀರಿಗೆ. ಅಲ್ಲಿ ಸ್ವರ್ಗ ಎಂಬ ಹೆಸರಿನ ಊರೇ ಇದೆ. ಪಡ್ರೆಯಲ್ಲಿ ಅಂಗವಿಕಲ ಕರುಗಳು ಹುಟ್ಟತೊಡಗಿದಾಗ ಪತ್ರಕರ್ತ ಶ್ರೀ ಪಡ್ರೆ ಅದರ ಬಗ್ಗೆ ಬರೆದದ್ದು 1981ರಲ್ಲಿ. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ಹಳ್ಳಿಯ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಕ್ಯಾನ್ಸರುಗಳು ಅಸಹಜವಾಗಿ ಹೆಚ್ಚಿರುವುದನ್ನು ಕಂಡು ವರ್ಷಗಟ್ಟಲೆ ಅಧಿಕಾರಿಗಳ, ಪತ್ರಿಕೆಗಳ ಗಮನಕ್ಕೆ ತಂದರು. ಲೀಲಾಕುಮಾರಿ ಅಮ್ಮ ಹೊಸದುರ್ಗದ ನ್ಯಾಯಾಲಯದ ಮೆಟ್ಟಿಲೇರಿದರು. ಹಳ್ಳಿಯ ವೈದ್ಯ, ಕೃಷಿ ಪತ್ರಕರ್ತ, ಸರ್ಕಾರಿ ನೌಕರಿಯಲ್ಲಿದ್ದ ಮಹಿಳೆ. ವಿಷದ ವಿರುದ್ಧದ ಸಾಕ್ಷ್ಯವನ್ನು ಒಟ್ಟುಮಾಡಿದ್ದು ಇಂಥವರು. ವಿಷ ನಿರಪಾಯಕಾರಿ ಎಂಬ ಸಾಕ್ಷ್ಯಕ್ಕೆ ಮಾತ್ರ ತಜ್ಞರ ಸಮಿತಿಗಳ ಕೊರತೆಯಾಗಲಿಲ್ಲ. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಸದಸ್ಯರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧ ಪಟ್ಟಿಗೆ ಸೇರಿಸುವಾಗಲೂ ಭಾರತದ ಪ್ರತಿನಿಧಿಗಳು ಕೊನೆಯವರೆಗೂ ವಿರೋಧಿಸಿ, ವಿನಾಯಿತಿ ಪಡೆದು ಒಪ್ಪಿದರು. ಸುಪ್ರೀಂ ಕೋರ್ಟಿನ ತಡೆ ಬಂದದ್ದು ಆ ವರ್ಷದ ಮೇ 13ರಂದು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳಲ್ಲಿ ಕೊಡಬೇಕೆಂದು 2017ರ ಜನವರಿಯಲ್ಲಿ ಅದೇ ನ್ಯಾಯಾಲಯ ಆದೇಶಿಸಿತು. 2022ರ ಮೇ ತಿಂಗಳಲ್ಲಿ ನ್ಯಾಯಾಲಯ ಮತ್ತೆ ವಿಚಾರಿಸಿದಾಗ 3,704 ಜನರಲ್ಲಿ ಪರಿಹಾರ ಸಿಕ್ಕಿದ್ದು 8 ಮಂದಿಗೆ. ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದವರು ಆ 8 ಮಂದಿಯೇ.

ಕಾಸರಗೋಡಿನ ಕಥೆಯನ್ನು ಕೊಲ್ಲಿಯ ಕನ್ನಡಿಗರು ಬಲ್ಲರು. ಊರಿನ ಮಕ್ಕಳ ಚಿತ್ರ ಕಂಡು ಕಣ್ಣೀರು ಹಾಕಿದ್ದಾರೆ, ಹಣ ಕಳಿಸಿದ್ದಾರೆ. ಆದರೆ ಆ ಕಥೆಯನ್ನು ಅವರು ಸಾಮಾನ್ಯವಾಗಿ ಹೇಳಿಕೊಳ್ಳುವುದು ಭಾರತದ ಭ್ರಷ್ಟಾಚಾರದ ಕಥೆಯಾಗಿ: ಅಲ್ಲಿ ಕಾನೂನಿಲ್ಲ, ಇಲ್ಲಿದೆ. ಈ ಸಮಾಧಾನ ಎಷ್ಟು ಟೊಳ್ಳೆಂಬುದನ್ನು ಫಾಸ್ಫೀನ್ ತೋರಿಸುತ್ತದೆ. ಇಲ್ಲಿ ಕಾನೂನಿದೆ, ಕಟ್ಟುನಿಟ್ಟಾಗಿಯೂ ಇದೆ; ಆದರೂ ಮಗು ಸಾಯುತ್ತದೆ. ಯಾಕೆಂದರೆ ಎರಡೂ ಕಡೆ ಕಾನೂನು ಸುರಕ್ಷತೆಯನ್ನು ಹುಡುಕುವುದು ಒಂದೇ ತಪ್ಪು ಜಾಗದಲ್ಲಿ: ಲೇಬಲ್ಲಿನಲ್ಲಿ. ಬಾವಿಗಳನ್ನು ಮುಚ್ಚಿಕೊಳ್ಳಿ ಎಂದು ಅಲ್ಲಿ ಹೇಳಲಾಯಿತು, ವಸತಿಯಲ್ಲಿ ಬಳಸಬೇಡಿ ಎಂದು ಇಲ್ಲಿ ಹೇಳಲಾಗಿದೆ. ಸೂಚನೆ ಪಾಲಿಸಿದರೆ ಸುರಕ್ಷಿತ, ಪಾಲಿಸದಿದ್ದರೆ ನಿಮ್ಮ ತಪ್ಪು. ಸುರಕ್ಷತೆ ಅಣುವಿನ ಗುಣವಾಗಿರಬೇಕು, ಬಳಸುವವನ ಶಿಸ್ತಿನ ಗುಣವಾಗಿರಬಾರದು ಎಂಬ ಸರಳ ತತ್ವವನ್ನು ಯಾವ ನೋಂದಣಿ ಮಂಡಳಿಯೂ ಇನ್ನೂ ಪೂರ್ಣವಾಗಿ ಒಪ್ಪಿಲ್ಲ. ಎಲ್ಲರ ಮೈಯಲ್ಲೂ ಇರುವ ಕಿಣ್ವದ ಮೇಲೆ ಎರಗುವ ವಸ್ತುವನ್ನು, ಅದಕ್ಕಿಂತ ವಿವೇಚನೆಯುಳ್ಳ ಪರ್ಯಾಯವಿರುವಾಗ, ನೋಂದಾಯಿಸಬಾರದು ಎಂಬ ಒಂದು ಸಾಲು ಕಾಯ್ದೆಯಲ್ಲಿ ಬಂದರೆ ಸಾಕು. ಉದ್ಯಮ ಎಷ್ಟು ಬೇಗ ಸಿಸ್ಟೀನ್‌ಗಳನ್ನು ಹುಡುಕತೊಡಗುತ್ತದೆಂದು ನೋಡಬಹುದು.

ಇದಕ್ಕೆ ಪ್ರಗತಿಪರರ ನಡುವಿನಿಂದಲೇ ಒಂದು ಆಕ್ಷೇಪ ಬರುತ್ತದೆ. ಹೊಸ ಅಣುವೆಂದರೆ ಹೊಸ ಪೇಟೆಂಟ್, ಹೊಸ ಬಂಡವಾಳ, ಹೊಸ ಸುಳ್ಳು. ವಿಷವೇ ಬೇಡ ಎನ್ನುವುದು ಸರಿಯಾದ ನಿಲುವು ಎಂಬುದು ಆ ಆಕ್ಷೇಪ. ಅದರ ಅರ್ಧ ಸರಿ. ಕೀಟಕ್ಕೆ ಮಾತ್ರ ಸೀಮಿತ ಎಂಬುದು ಪಿಡುಗಿಗೆ ಮಾತ್ರ ಸೀಮಿತ ಎಂದಾಗುವುದಿಲ್ಲ. ಸಸ್ತನಿಗಳಿಗೆ ಕಡಿಮೆ ಅಪಾಯಕಾರಿ ಎಂದು ಹಾಡಿ ಹೊಗಳಿ ತಂದ ನಿಯೋನಿಕೋಟಿನಾಯ್ಡ್‌ಗಳು ಜೇನುನೊಣಗಳನ್ನು ಕಾಡಿದವು. ಯೂರೋಪಿನ ಒಕ್ಕೂಟ 2018ರಲ್ಲಿ ಅವುಗಳಲ್ಲಿ ಮೂರನ್ನು ಬಯಲು ಬೆಳೆಗಳಿಂದ ಹೊರಗಿಟ್ಟಿತು. ಚಿಟಿನ್ ತಡೆಯುವ ಡೈಫ್ಲೂಬೆಂಜುರಾನ್ ಹೊಳೆಗೆ ಸೇರಿದರೆ ಸಿಗಡಿ, ಏಡಿಗಳ ಕವಚವನ್ನೂ ಬಿಡುವುದಿಲ್ಲ. ಕೀಟಗಳೂ ಸುಮ್ಮನೆ ಕೂರುವುದಿಲ್ಲ. ಸೊಳ್ಳೆಗಳು ಅಸಿಟೈಲ್‌ಕೋಲಿನ್‌ಎಸ್ಟರೇಸಿನ ಒಂದೇ ಅಮೈನೋ ಆಮ್ಲ ಬದಲಿಸಿಕೊಂಡು ಹಳೆಯ ವಿಷಗಳನ್ನು ಜಯಿಸಿವೆ, ತಿಗಣೆಗಳು ಪೈರೆಥ್ರಾಯ್ಡ್‌ಗಳಿಗೆ ಎಂದೋ ಒಗ್ಗಿವೆ. ಬೆಡ್‌ಸ್ಪೇಸಿನವನು ಅಂಗಡಿಯ ಸ್ಪ್ರೇ ಡಬ್ಬಿ ಬಿಟ್ಟು ಫಾಸ್ಫೀನ್ ಬಿಲ್ಲೆಯ ಕಡೆ ತಿರುಗಿದ್ದಕ್ಕೆ ಅದೂ ಒಂದು ಕಾರಣ. ಆದ್ದರಿಂದ ಸುರಕ್ಷಿತ ಎಂಬ ಪದವನ್ನು ಯಾವ ಕಂಪನಿಯ ಬಾಯಿಂದ ಕೇಳಿದರೂ, ಯಾರಿಗೆ ಸುರಕ್ಷಿತ ಎಂದು ಕೇಳಲೇಬೇಕು.

ಆದರೆ ಆಕ್ಷೇಪದ ಉಳಿದರ್ಧ ಸುಖಜೀವಿಯದು. ವಿಷವೇ ಬೇಡ ಎನ್ನುವ ಸ್ವಾತಂತ್ರ್ಯ ಅಂಗಳವಿದ್ದವನಿಗೆ, ಬಿಸಿಲಿಗೆ ಹಾಸಿಗೆ ಒಣಹಾಕಲು ಜಾಗವಿದ್ದವನಿಗೆ ಇದೆ. ಹತ್ತು ಜನ ಹನ್ನೆರಡು ಅಡಿಯಲ್ಲಿ ಮಲಗುವಲ್ಲಿ ಬೇವಿನ ಸೊಪ್ಪಿನ ಸಲಹೆ ಕ್ರೂರವಾದ ಹಾಸ್ಯವಾಗುತ್ತದೆ.

ತಿಗಣೆಯನ್ನು ರಾಸಾಯನಿಕವಿಲ್ಲದೆಯೇ ಕೊಲ್ಲಬಹುದು ಎಂಬುದನ್ನೂ ಇಲ್ಲಿ ಹೇಳಬೇಕು. ಕೋಣೆಯನ್ನು 50 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಕಾಯಿಸಿ ಕೆಲ ತಾಸು ಹಾಗೆಯೇ ಇಟ್ಟರೆ ತಿಗಣೆ, ಮೊಟ್ಟೆ ಎರಡೂ ಸಾಯುತ್ತವೆ. ಹೊರಗೆ ಜುಲೈ ತಿಂಗಳ ಬಿಸಿಲು ಅದರ ಹತ್ತಿರಕ್ಕೇ ಬರುವ ನಗರದಲ್ಲಿ, ಒಳಗೆ ಆ ಶಾಖವನ್ನು ಕೊಂಡುಕೊಳ್ಳಬೇಕಾಗಿದೆ. ಹೋಟೆಲುಗಳು ಕೊಂಡುಕೊಳ್ಳುತ್ತವೆ. ಕ್ಯಾಂಪುಗಳ, ಬೆಡ್‌ಸ್ಪೇಸುಗಳ ವಿಷಯದಲ್ಲಿ ಅದು ಯಾರ ಖರ್ಚು ಎಂಬ ಪ್ರಶ್ನೆ ಎದ್ದೊಡನೆ ಎಲ್ಲರೂ ಮೌನವಾಗುತ್ತಾರೆ.

ಅಬುಧಾಬಿಯ ಖರ್ಜೂರದ ತೋಟಗಳಲ್ಲಿ ಈ ಮೌನವಿಲ್ಲ. ಕೆಂಪು ಮೂತಿ ಹುಳು ಮೂಲತಃ ದಕ್ಷಿಣ ಮತ್ತು ಆಗ್ನೇಯ ಏಷ್ಯಾದ್ದು, ಕರಾವಳಿಯ ತೆಂಗಿನ ಹಳೆಯ ಶತ್ರು. 1980ರ ದಶಕದ ನಡುವಿನಲ್ಲಿ ಅದು ಕೊಲ್ಲಿಗೆ ಬಂದಿತು. ವಲಸೆಯ ಇತಿಹಾಸದಲ್ಲಿ ಕನ್ನಡಿಗರ ಸಮಕಾಲೀನ ಎನ್ನಬೇಕು. ಖರ್ಜೂರದ ಕಾಂಡ ಕೊರೆದು ಮರವನ್ನು ಒಳಗಿಂದ ತಿನ್ನುತ್ತದೆ. ಅದನ್ನು ಹಿಡಿಯಲು ವಿಜ್ಞಾನಿಗಳು ಅದರದೇ ಗಂಡು ಹುಳು ಸೂಸುವ ಫೆರುಜಿನಿಯಾಲ್ ಎಂಬ ಗಂಧವನ್ನು 1993ರಲ್ಲಿ ಗುರುತಿಸಿದರು. ಈಗ ಲಿವಾ, ಅಲ್ ಐನ್‌ಗಳ ತೋಟಗಳಲ್ಲಿ ಆ ಗಂಧ ಹಚ್ಚಿದ ಬಲೆಗಳು ನಿಂತಿವೆ. ಹುಳು ತಾನಾಗಿ ಬಂದು ಬೀಳುತ್ತದೆ, ಬೇರಾವ ಜೀವಕ್ಕೂ ತೊಂದರೆಯಿಲ್ಲ. ಬಲೆಯೊಂದರಿಂದಲೇ ಎಲ್ಲ ಮರಗಳೂ ಉಳಿಯುವುದಿಲ್ಲ, ರೋಗಪೀಡಿತ ಕಾಂಡದೊಳಗೆ ಅದೇ ಫಾಸ್ಫೈಡ್ ಬಿಲ್ಲೆ ಇಡುವ ಪದ್ಧತಿಯೂ ಇದೆ. ಆದರೂ ಒಂದು ಮರಕ್ಕಾಗಿ, ಒಂದು ಹುಳದ ಮೂಗನ್ನು ಅರಿತು, ಅದಕ್ಕಷ್ಟೇ ತಟ್ಟುವ ಉಪಾಯ ಹುಡುಕುವಷ್ಟು ತಾಳ್ಮೆ, ಹಣ, ಇಲಾಖೆಗಳ ಸಮನ್ವಯ ಇಲ್ಲಿ ಸಾಧ್ಯವಾಗಿದೆ. ಅದೇ ಅಬುಧಾಬಿಯ ಮುಸಫ್ಫಾದ ಕಾರ್ಮಿಕ ವಸತಿಗಳಲ್ಲಿ ತಿಗಣೆಗಾಗಿ ಅಂಥ ಸಮನ್ವಯ ಕಾಣುವುದಿಲ್ಲ. ಖರ್ಜೂರ ಪರಂಪರೆ, ಕಾರ್ಮಿಕ ತಾತ್ಕಾಲಿಕ.

ಕಿಕ್ಕಿರಿದ ವಸತಿಗೆ ಸರ್ಕಾರ ಕಣ್ಣು ಮುಚ್ಚಿಲ್ಲ ಎಂಬುದೂ ನಿಜ. ದುಬೈ ನಗರಾಡಳಿತ 2008ರಲ್ಲಿ ಒಂದು ವಿಲ್ಲಾಕ್ಕೆ ಒಂದೇ ಕುಟುಂಬ ಎಂಬ ಅಭಿಯಾನ ನಡೆಸಿತು. 2025ರ ಜೂನ್‌ನಲ್ಲಿ ರಿಗ್ಗಾ, ಮುರಕ್ಕಬಾತ್, ಸತ್ವಾ, ಬರ್ಶಾಗಳಲ್ಲಿ ಅಕ್ರಮ ಹಲಗೆಗೋಡೆಗಳನ್ನು ಕಿತ್ತು ಹಾಕಿತು. ಕಿತ್ತ ಹಲಗೆಯ ಹಿಂದೆ ಮಲಗುತ್ತಿದ್ದವರ ಸಂಬಳ ಮಾತ್ರ ಮೊದಲಿನಷ್ಟೇ. ಅವರು ಇನ್ನೂ ದೂರದ, ಇನ್ನೂ ಇಕ್ಕಟ್ಟಿನ ಕೋಣೆಗೆ ತಮ್ಮ ಸೂಟ್‌ಕೇಸಿನೊಂದಿಗೆ ಹೋದರು, ಸೂಟ್‌ಕೇಸಿನ ಹೊಲಿಗೆಯಲ್ಲಿ ತಿಗಣೆಯೂ ಹೋಯಿತು.

ಆ ಕೋಣೆಗಳನ್ನು ಬಾಡಿಗೆಗೆ ಕೊಡುವವರು ಯಾರು ಎಂಬುದು ಅನಿವಾಸಿ ಸಭೆಗಳಲ್ಲಿ ಬಾರದ ವಿಷಯ. ಕಟ್ಟಡದ ಒಡೆಯ ಒಬ್ಬ ಅರಬನಿರಬಹುದು, ಆದರೆ ಫ್ಲ್ಯಾಟನ್ನು ಒಟ್ಟಾಗಿ ಹಿಡಿದು, ಹಲಗೆ ಹೊಡೆಸಿ, ಮಂಚದ ಲೆಕ್ಕದಲ್ಲಿ ಹಂಚುವ ಮುಖ್ಯ ಬಾಡಿಗೆದಾರ ಬಹಳ ಸಲ ಕಾರ್ಮಿಕನ ಊರಿನವನೇ, ಭಾಷೆಯವನೇ. ಊರಿನ ಹುಡುಗನಿಗೆ ತಂಗಲು ಜಾಗ ಕೊಟ್ಟೆ ಎಂಬ ಉಪಕಾರದ ಭಾವವೂ ಅವನಲ್ಲಿರುತ್ತದೆ, ಅದು ಪೂರ್ತಿ ಸುಳ್ಳೂ ಅಲ್ಲ. ತಿಗಣೆಯ ದೂರು ಬಂದಾಗ ಪರವಾನಗಿಯ ಸಂಸ್ಥೆಯನ್ನು ಕರೆಸಲು ಅವನಿಗೆ ಭಯ. ಕರೆಸಿದರೆ ಹಲಗೆಗಳು ಕಾಣುತ್ತವೆ. ನೀವೇ ಏನಾದರೂ ನೋಡಿಕೊಳ್ಳಿ ಎನ್ನುತ್ತಾನೆ. ಬಿಲ್ಲೆ ಬರುವುದು ಈ ಮಾತಿನ ಬೆನ್ನಿಗೆ. ಮಗು ಸತ್ತಾಗ ಪೊಲೀಸರ ಕೈಗೆ ಮೊದಲು ಸಿಗುವವನು ಬಿಲ್ಲೆ ಇಟ್ಟ ಕಾರ್ಮಿಕ.

ನವೆಂಬರಿನಲ್ಲಿ ದುಬೈ, ಅಬುಧಾಬಿಗಳ ಸಭಾಂಗಣಗಳಲ್ಲಿ ರಾಜ್ಯೋತ್ಸವ ನಡೆಯುತ್ತದೆ. ಸಾಧಕರಿಗೆ ಶಾಲು ಹೊದಿಸಲಾಗುತ್ತದೆ, ಊರಿನ ಯಾವುದಾದರೂ ಸಂಕಷ್ಟಕ್ಕೆ ನಿಧಿ ಘೋಷಿಸಲಾಗುತ್ತದೆ. ಎಂಡೋಸಲ್ಫಾನ್ ಪೀಡಿತ ಮಕ್ಕಳ ಹೆಸರೂ ಅಲ್ಲಿ ಬರಬಹುದು, ಬರಲಿ. ಅದೇ ವೇದಿಕೆಯಿಂದ ಮುಂದಿನ ಸಾಲಿನಲ್ಲಿ ಕುಳಿತ ಗಣ್ಯರನ್ನು, ನಿಮ್ಮ ಹೆಸರಿನ ಬಾಡಿಗೆ ಕರಾರುಗಳಲ್ಲಿ ಎಷ್ಟು ಮಂಚಗಳಿವೆ, ಕಳೆದ ವರ್ಷ ಆ ಕೋಣೆಗಳ ತಿಗಣೆಗೆ ಏನು ಹಾಕಿಸಿದಿರಿ, ಅದರ ಬಿಲ್ಲು ಯಾರು ಕಟ್ಟಿದರು ಎಂದು ಒಬ್ಬರಾದರೂ ಎದ್ದು ಕೇಳಬೇಕಾಗಿದೆ.